ಎಐ ದೇಶಗಳ ಸಂಶೋಧನೆ: ಯಾವುದಕ್ಕೆ ಲಗಾಮು, ಯಾವುದಕ್ಕೆ ಚಾಟಿ?

ಪ್ರಶ್ನೆ ಹೆಚ್ಚುಕಡಿಮೆ ಹೀಗೇ ಬರುತ್ತದೆ. ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟಕ್ಕೊಂದು ಮಾಡ್ (ಆಟದ ಫೈಲುಗಳನ್ನು ತಿದ್ದಿ ಮಾಡುವ ಮಾರ್ಪಾಡು) ಕಟ್ಟುತ್ತಿದ್ದೇನೆ, 1943ಕ್ಕೆ ಬರುವಷ್ಟರಲ್ಲಿ ನಾನು ಆಡುವ ದೇಶ ಎಲ್ಲರಿಗಿಂತ ಎರಡು ವರ್ಷ ಮುಂದಿರುತ್ತದೆ, ಎಐ, ಅಂದರೆ ಕಂಪ್ಯೂಟರೇ, ಆಡಿಸುವ ದೇಶಗಳು ಇನ್ನೂ 1940ರ ಟ್ಯಾಂಕನ್ನೇ ಉರುಳಿಸುತ್ತಿರುತ್ತವೆ. ಅವುಗಳ ಸಂಶೋಧನೆಯ ವೇಗ ಹೆಚ್ಚಿಸಲೇ? ಯಾವ ವರ್ಷ ಏನು ಕಲಿಯಬೇಕು ಎಂದು ಪಟ್ಟಿ ಬರೆದುಕೊಡಲೇ? ಇಲ್ಲಾ ತಂತ್ರಜ್ಞಾನವನ್ನೇ ನೇರವಾಗಿ ಕೈಗಿಟ್ಟುಬಿಡಲೇ?

ಎಲ್ಲರೂ ಮೊದಲು ಕೈ ಹಾಕುವುದು ವೇಗಕ್ಕೆ. ನಾನೂ ಅದನ್ನೇ ಮಾಡಿದ್ದೆ. ಒಂದು ಸಾಲು ಬದಲಿಸಿದರೆ ಮುಗಿಯಿತಲ್ಲ ಅನ್ನಿಸುತ್ತದೆ. ನನ್ನ ಮೊದಲ ಮಾಡ್‌ನ ಪರೀಕ್ಷೆಗೆಂದು ಆಟವನ್ನು ಆಬ್ಸರ್ವರ್ ಮೋಡ್‌ನಲ್ಲಿ (ಎಲ್ಲ ದೇಶವನ್ನೂ ಎಐ ಆಡಿಸುತ್ತದೆ, ನಾವು ನೋಡುವುದಷ್ಟೇ) ಓಡಲು ಬಿಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು ಒಂದೊಂದೇ ದೇಶದ ಸಂಶೋಧನೆಯ ಪರದೆ ತೆರೆದು ನೋಡುತ್ತಾ ಹೋದೆ. ಒಂದು ಪುಟ್ಟ ದೇಶ, ಎರಡೇ ಸ್ಲಾಟ್, ಅಂದರೆ ಒಂದು ಹೊತ್ತಿಗೆ ಎರಡೇ ಸಂಶೋಧನೆ ನಡೆಸಬಹುದು. ಒಂದು ಸ್ಲಾಟ್‌ನಲ್ಲಿ ಜೆಟ್ ಎಂಜಿನ್ ನಡೆಯುತ್ತಿತ್ತು, ಇನ್ನೂ 410 ದಿನ ಬಾಕಿ. ಇನ್ನೊಂದರಲ್ಲಿ ಯುದ್ಧನೌಕೆಯ ಭಾರಿ ಫಿರಂಗಿ. ಆ ದೇಶಕ್ಕೆ ಕರಾವಳಿಯೇ ಇಲ್ಲ. ಕಾಲಾಳು ಪಡೆಯ ಕೈಯಲ್ಲಿ ಮೊದಲ ಮಹಾಯುದ್ಧದ ಬಂದೂಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಈ ದೇಶಕ್ಕೆ ಶೇ. 20 ವೇಗ ಹೆಚ್ಚಿಸಿದರೆ ಏನಾಗುತ್ತದೆ? ಜೆಟ್ ಇನ್ನಷ್ಟು ಬೇಗ ಸಿಗುತ್ತದೆ, ಅಷ್ಟೇ.

ಹಾಗಾಗಿ ದಾರಿ ಆರಿಸುವ ಮುಂಚೆ ರೋಗ ಯಾವುದೆಂದು ನೋಡಿಕೊಳ್ಳಬೇಕು. ನಾನು ಕಂಡಂತೆ ರೋಗಗಳು ಮೂರು, ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ.

ಮೊದಲನೆಯದು ನಿಜವಾದ ನಿಧಾನ. ಎಐಗೆ ಸ್ಲಾಟ್ ಕಡಿಮೆ, ಸ್ಲಾಟ್ ಹೆಚ್ಚಿಸುವ ದಾರಿಯನ್ನು ಅದು ಹಿಡಿಯುವುದಿಲ್ಲ, ಅಥವಾ ಆಟಗಾರನಿಗೆ ಗೊತ್ತಿರುವ ಬೋನಸ್‌ಗಳನ್ನು ಅದು ಬಳಸಿಕೊಳ್ಳುವುದಿಲ್ಲ. ಎರಡನೆಯದು ಕೆಟ್ಟ ಕ್ರಮ, ಮೇಲೆ ಹೇಳಿದ ಪುಟ್ಟ ದೇಶದ ಕಥೆ. ಮೂರನೆಯದು ಕಲಿತದ್ದನ್ನು ಬಳಸದಿರುವುದು: 1941ರಲ್ಲೇ ಹೊಸ ಟ್ಯಾಂಕ್ ಕಲಿತಿರುತ್ತದೆ, ಕಾರ್ಖಾನೆಯ ಸಾಲಿನಲ್ಲಿ ಮಾತ್ರ ಹಳೆಯದೇ ತಯಾರಾಗುತ್ತಿರುತ್ತದೆ. ಈ ಮೂರನೆಯದು ಆಟದ ಕೃತಕ ದೋಷ ಎಂದುಕೊಳ್ಳಬೇಡಿ, ಇತಿಹಾಸದಲ್ಲೂ ಉಂಟು. ರಾಡಾರ್‌ಗೂ ಬಳಕೆಯಾದ ಯಾಗಿ-ಉದಾ ಆಂಟೆನಾ 1920ರ ದಶಕದಲ್ಲಿ ಜಪಾನಿನಲ್ಲೇ ಹುಟ್ಟಿತು. 1942ರಲ್ಲಿ ಸಿಂಗಪುರ ಕೈವಶವಾದಾಗ ಬ್ರಿಟಿಷರ ರಾಡಾರ್ ಟಿಪ್ಪಣಿಗಳಲ್ಲಿ ‘ಯಾಗಿ’ ಎಂಬ ಪದ ಕಂಡ ಜಪಾನಿಗಳಿಗೆ ಅದು ತಮ್ಮ ದೇಶದವರದೇ ಹೆಸರು ಎಂದು ತಿಳಿಯಲಿಲ್ಲ ಎಂಬ ಕಥೆ ಪ್ರಸಿದ್ಧ. ಟೆಕ್ ಟ್ರೀ (ಯಾವುದರ ನಂತರ ಯಾವುದನ್ನು ಕಲಿಯಬಹುದು ಎಂದು ತೋರಿಸುವ ಆಟದ ನಕ್ಷೆ) ಭಾಷೆಯಲ್ಲಿ ಹೇಳುವುದಾದರೆ ಜಪಾನ್ ಆ ಚೌಕವನ್ನು ಎಂದೋ ತೆರೆದಿತ್ತು, ಉತ್ಪಾದನೆಯ ಸಾಲಿಗೆ ಹಾಕಿರಲಿಲ್ಲ.

ಯಾವ ರೋಗ ಎಂದು ತಿಳಿಯಲು ಆಬ್ಸರ್ವರ್ ಮೋಡ್‌ನಲ್ಲಿ ಆಟ ಓಡಿಸಿ, ನಾಲ್ಕು ದಿನಾಂಕಗಳಲ್ಲಿ ನಿಲ್ಲಿಸಿ ನೋಡಿ: 1938, 1940, 1942, 1944ರ ಜನವರಿ 1. ಪ್ರತಿ ಸಲವೂ ಎರಡು ದೊಡ್ಡ ದೇಶ, ಎರಡು ಮಧ್ಯಮ, ಎರಡು ಸಣ್ಣ ದೇಶ. ಒಟ್ಟು ಎಷ್ಟು ಕಲಿತಿದೆ, ಅದರಲ್ಲಿ ಬೇಕಾದ್ದೆಷ್ಟು, ಬೇಕಾದ್ದರಲ್ಲಿ ಸೈನ್ಯದ ಕೈ ಸೇರಿದ್ದೆಷ್ಟು ಎಂದು ಬರೆದುಕೊಳ್ಳಿ. ಮೊದಲ ಸಂಖ್ಯೆಯೇ ಕಡಿಮೆ ಇದ್ದರೆ ನಿಧಾನ. ಮೊದಲನೆಯದು ಸರಿಯಿದ್ದು ಎರಡನೆಯದು ಕಡಿಮೆ ಇದ್ದರೆ ಕ್ರಮದ ದೋಷ. ಮೂರನೆಯದೊಂದೇ ಕಡಿಮೆ ಇದ್ದರೆ ಸಂಶೋಧನೆಯ ಫೈಲನ್ನು ಮುಚ್ಚಿಟ್ಟು ಉತ್ಪಾದನೆಯ ಫೈಲ್ ತೆರೆಯಿರಿ. ಮುಂದೆ ಹೇಳುವ ಯಾವ ದಾರಿಯೂ ನಿಮಗೆ ಬೇಕಿಲ್ಲ.

ಯಾವ ಅಳತೆಯಲ್ಲಿ ತೂಗುವುದು?

ನಾನು ಐದು ಮಾತು ಕೇಳಿಕೊಳ್ಳುತ್ತೇನೆ. ಆಟಗಾರನಿಗೆ ನಂಬಿಕೆ ಬರುತ್ತದೆಯೇ, ಅಂದರೆ 1942ರಲ್ಲಿ ಎದುರಾದ ಶತ್ರುವಿನ ಕೈಯಲ್ಲಿ 1942ರ ಆಯುಧ ಇದೆಯೇ? ಪೈಪೋಟಿ ಉಳಿಯುತ್ತದೆಯೇ? ಇತಿಹಾಸ ದಾರಿ ತಪ್ಪಿದಾಗ, ಉದಾಹರಣೆಗೆ ಫ್ರಾನ್ಸ್ ಬೀಳದೇ ಹೋದಾಗ, ವ್ಯವಸ್ಥೆ ಕುಸಿಯುತ್ತದೆಯೇ? ಸಣ್ಣ ದೇಶಗಳ ಗತಿ ಏನು? ಕೊನೆಯದು, ಮಾಡ್ ಮಾಡುವವರು ಯಾವಾಗಲೂ ಮರೆಯುವುದು: ಇದನ್ನು ಬರೆಯಲು ಎಷ್ಟು ಹೊತ್ತು ಬೇಕು, ಆಟಕ್ಕೆ ಅದರ ತಯಾರಕರಿಂದ ಹೊಸ ಪ್ಯಾಚ್ (ತಿದ್ದುಪಡಿ) ಬಂದಾಗಲೆಲ್ಲ ಮತ್ತೆ ಎಷ್ಟು ಹೊತ್ತು ಬೇಕು? ಹವ್ಯಾಸಕ್ಕೆ ಮಾಡುವವರ ಬಜೆಟ್ ಅಂದರೆ ಸಮಯ. ಬರೆಯುವಾಗ ಹುರುಪಿರುತ್ತದೆ, ದುರಸ್ತಿಯ ಹೊತ್ತಿಗೆ ಇರುವುದಿಲ್ಲ.

ದಿನಾಂಕದ ಪಟ್ಟಿ

ಹಳೆಯ, ನೇರವಾದ ದಾರಿ. ಈ ದೇಶ 1937ರಲ್ಲಿ ಇದು, 1938ರಲ್ಲಿ ಅದು ಎಂದು ದೇಶವಾರು ಬರೆದಿಡುವುದು. ಎರಡನೇ ಮಹಾಯುದ್ಧದ ಆಟಗಳ ಸರಣಿಯಾದ ಹಾರ್ಟ್ಸ್ ಆಫ್ ಐರನ್‌ನ ಎರಡನೇ ಆಟದಲ್ಲಿ (2005) ಎಐ ಫೈಲುಗಳಲ್ಲಿ ಯಾವುದಕ್ಕೆ ಆದ್ಯತೆ, ಯಾವುದನ್ನು ಮುಟ್ಟಲೇಬಾರದು ಎಂದು ಬರೆಯುವ ವ್ಯವಸ್ಥೆ ಇತ್ತು. 2009ರ ಮೂರನೇ ಆಟದಲ್ಲಿ ಎಐ ನಿರ್ಧಾರಗಳು ಲೂವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟ್‌ಗಳಿಗೆ ಹೋದವು. ದೊಡ್ಡ ದೇಶಗಳಿಗೆ ಅವುಗಳದ್ದೇ ಫೈಲ್.

ನಂಬಿಕೆಯ ವಿಷಯದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಸೋವಿಯತ್ ಒಕ್ಕೂಟಕ್ಕೆ 1940ರಲ್ಲಿ ಟಿ-34 ಟ್ಯಾಂಕ್, ಜರ್ಮನಿಗೆ 1943ರ ಬೇಸಿಗೆಯ ಹೊತ್ತಿಗೆ ಪ್ಯಾಂಥರ್ ಟ್ಯಾಂಕ್, 1944ರಲ್ಲಿ ಮೆ 262 ಜೆಟ್ ವಿಮಾನ, ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತವೆ. 1939ರಲ್ಲಿ ಶುರುವಾಗಿ 1941ಕ್ಕೆ ಮುಗಿಯುವ ಸಣ್ಣ ಸನ್ನಿವೇಶಕ್ಕೆ ಇದೇ ಸಾಕು, ಬೇರೇನನ್ನೂ ಹುಡುಕಬೇಡಿ.

ತೊಂದರೆ ಶುರುವಾಗುವುದು ಆಟ ಉದ್ದವಾದಾಗ. ಪಟ್ಟಿಗೆ ಕಾರಣ ಗೊತ್ತಿರುವುದಿಲ್ಲ, ಫಲ ಮಾತ್ರ ಗೊತ್ತಿರುತ್ತದೆ. ಜರ್ಮನಿಯ ಪ್ಯಾಂಜರ್ 4 ಟ್ಯಾಂಕಿಗೆ 1942ರ ವಸಂತದಲ್ಲಿ ಉದ್ದ ನಳಿಗೆಯ 75 ಮಿಲಿಮೀಟರ್ ಫಿರಂಗಿ ಬಂತು. ಅದರ ಹಿಂದೆ ದೊಡ್ಡ ಒತ್ತಡವಾಗಿದ್ದದ್ದು 1941ರ ಜೂನ್ 22ರಂದು ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ನಂತರ ಎದುರಾದ ಟಿ-34 ಮತ್ತು ಕೆವಿ ಟ್ಯಾಂಕುಗಳು. ನಿಮ್ಮ ಆಟದಲ್ಲಿ ಜರ್ಮನಿ ಪೂರ್ವಕ್ಕೆ ಹೋಗಲೇ ಇಲ್ಲ, ಬ್ರಿಟನ್ ಮೇಲೆ ಇಳಿಯುವ ಯತ್ನದಲ್ಲೇ ಸಿಕ್ಕಿಕೊಂಡಿದೆ ಅನ್ನಿ. ಪಟ್ಟಿ ಆಗಲೂ ಅದಕ್ಕೆ ಟ್ಯಾಂಕ್ ಫಿರಂಗಿಯನ್ನೇ ಕಲಿಸುತ್ತದೆ. ಬೇಕಿದ್ದದ್ದು ಇಳಿಯುವ ದೋಣಿ. ಇನ್ನು ಸಮಯದ ಮಾತು: ಏಳು ದೊಡ್ಡ ದೇಶಗಳಿಗೆ ಪಟ್ಟಿ ಬರೆಯಬಹುದು, ಎಪ್ಪತ್ತಕ್ಕೆ ಬರೆಯಲಾಗುವುದಿಲ್ಲ. ಬರೆದರೂ, ಮೂಲ ಆಟದವರು ಟ್ಯಾಂಕಿನ ಟ್ರೀಯನ್ನು ಒಂದು ದಿನ ಬದಲಿಸಿದರೆ ಎಪ್ಪತ್ತೂ ಪಟ್ಟಿ ಒಟ್ಟಿಗೇ ಕೆಡುತ್ತವೆ.

ತೂಕದ ದಾರಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನವರಿಗೆ ಉತ್ತರ ಸಿಗುವುದು ಇಲ್ಲೇ. 2016ರ ಹಾರ್ಟ್ಸ್ ಆಫ್ ಐರನ್ 4 ಬಳಸುವ ವಿಧಾನ ಇದು. ಪ್ರತಿ ತಂತ್ರಜ್ಞಾನದ ಜೊತೆಗೂ ‘ಎಐಗೆ ಇದು ಎಷ್ಟು ಬೇಕು’ ಎಂದು ಹೇಳುವ ಒಂದು ಅಂಕಿ, ಆ ಅಂಕಿಯನ್ನು ಪರಿಸ್ಥಿತಿಗೆ ತಕ್ಕಂತೆ ಏರಿಸಿ ಇಳಿಸುವ ಷರತ್ತುಗಳು. ಸ್ಲಾಟ್ ಖಾಲಿಯಾದಾಗ ಎಐ ಈ ತೂಕಗಳನ್ನು ನೋಡಿ ಆರಿಸಿಕೊಳ್ಳುತ್ತದೆ.

ತೂಕ ಯಾಕೆ ಇಷ್ಟು ಮುಖ್ಯ ಎಂದು ಲೆಕ್ಕ ಹಾಕಿಯೇ ನೋಡೋಣ. ಒಂದು ದೇಶಕ್ಕೆ ಮೂರು ಸ್ಲಾಟ್, ಒಂದೊಂದು ಸಂಶೋಧನೆಗೆ 120 ದಿನ ಅಂದುಕೊಳ್ಳಿ. ಒಂದು ಸ್ಲಾಟ್‌ಗೆ ವರ್ಷಕ್ಕೆ ಮೂರು, ಮೂರು ಸ್ಲಾಟ್‌ಗೆ ಒಂಬತ್ತು. 1936ರಿಂದ 1943ರ ತನಕ ಏಳು ವರ್ಷದಲ್ಲಿ 63. ನಿಮ್ಮ ಟ್ರೀಯಲ್ಲಿ 200 ತಂತ್ರಜ್ಞಾನ ಇವೆ, ಆ ದೇಶಕ್ಕೆ ನಿಜವಾಗಿ ಬೇಕಾದ್ದು 40: ಬಂದೂಕು, ಫಿರಂಗಿ, ಕೈಗಾರಿಕೆ, ಒಂದು ನಮೂನೆಯ ಟ್ಯಾಂಕ್, ಒಂದು ನಮೂನೆಯ ಯುದ್ಧವಿಮಾನ, ಹೀಗೆ. ಆಟಗಾರ ಆ 40ನ್ನೂ ಮುಗಿಸಿ ಉಳಿದ 23ನ್ನು ಶೋಕಿಗೆ ಇಟ್ಟುಕೊಳ್ಳುತ್ತಾನೆ. ಎಲ್ಲದಕ್ಕೂ ಒಂದೇ ತೂಕ ಇರುವ ಎಐ 200ರಲ್ಲಿ 63ನ್ನು ಕಣ್ಣು ಮುಚ್ಚಿ ಎತ್ತುತ್ತದೆ. ಬೇಕಾದ 40ರಲ್ಲಿ ಅದಕ್ಕೆ ಸಿಗುವುದು ಸರಾಸರಿ ಹನ್ನೆರಡೋ ಹದಿಮೂರೋ.

ಈಗ ಅದಕ್ಕೆ ಶೇ. 20 ವೇಗ ಕೊಡಿ. 63 ಇದ್ದದ್ದು ಸುಮಾರು 76 ಆಗುತ್ತದೆ, ಬೇಕಾದ್ದು ಸಿಗುವುದು 15. ವೇಗವನ್ನು ಮುಟ್ಟದೆ ಆ 40ರ ತೂಕವನ್ನು ಮಾತ್ರ ನಾಲ್ಕು ಪಟ್ಟು ಮಾಡಿದರೆ? ಅದೇ 63ರಲ್ಲಿ ಸುಮಾರು 26 ಸಿಗುತ್ತವೆ. ಯಾವ ಬೋನಸ್ಸೂ ಇಲ್ಲದೆ ಎರಡು ಪಟ್ಟು. ಮೊದಲು ಇದು ಕಲಿತರೆ ಮಾತ್ರ ಅದು ಎಂಬ ಕೊಂಡಿಗಳನ್ನು ನಾನು ಲೆಕ್ಕಕ್ಕೆ ತಂದಿಲ್ಲ, ಆದ್ದರಿಂದ ನಿಮ್ಮ ಆಟದಲ್ಲಿ ಅಂಕಿ ಬೇರೆ ಬರುತ್ತದೆ. ವ್ಯತ್ಯಾಸದ ಗಾತ್ರ ಮಾತ್ರ ಹೀಗೇ ಇರುತ್ತದೆ. ಬೋನಸ್ ಮೇಲಿನ ನನ್ನ ಮೋಹ ಬಿಟ್ಟದ್ದು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದ ದಿನ.

ತೂಕ ಬರೆಯುವಾಗ ಎಲ್ಲರೂ ಮಾಡುವ ತಪ್ಪು, ಹೆಚ್ಚಿಸುವುದರ ಕಡೆಗೇ ಗಮನ ಕೊಡುವುದು. ಟ್ಯಾಂಕಿಗೆ 5, ವಿಮಾನಕ್ಕೆ 5, ಕೈಗಾರಿಕೆಗೆ 5, ರಾಡಾರ್‌ಗೆ 5 ಎಂದು ಏರಿಸುತ್ತಾ ಹೋದರೆ ಕೊನೆಗೆ ಎಲ್ಲವೂ ಮತ್ತೆ ಸಮ. ಸೊನ್ನೆ ಮಾಡುವುದರಲ್ಲಿ ಲಾಭ ಜಾಸ್ತಿ. ಕರಾವಳಿ ಇಲ್ಲದ ದೇಶಕ್ಕೆ ನೌಕಾಪಡೆಯ ಇಡೀ ಟ್ರೀ ಸೊನ್ನೆ. ಕಾರ್ಖಾನೆಗಳು ಹತ್ತಕ್ಕಿಂತ ಕಡಿಮೆ ಇದ್ದರೆ ಭಾರಿ ಬಾಂಬರ್ ಸೊನ್ನೆ. ಟ್ಯಾಂಕ್ ಡಿವಿಜನ್ ಒಂದೂ ಇಲ್ಲದ, ಕಟ್ಟುವ ಯೋಜನೆಯೂ ಇಲ್ಲದ ದೇಶಕ್ಕೆ ಟ್ಯಾಂಕ್ ಸೊನ್ನೆ. ಈ ಮೂರು ಷರತ್ತು ಬರೆಯಲು ಒಂದು ಸಂಜೆ ಸಾಕು, ಸಣ್ಣ ದೇಶಗಳ ಅರ್ಧ ರೋಗ ಅಲ್ಲೇ ವಾಸಿಯಾಗುತ್ತದೆ.

ಎರಡನೇ ತಪ್ಪು, ಕಾಲಕ್ಕಿಂತ ಮುಂಚೆ ಕಲಿಯುವುದಕ್ಕೆ ಇರುವ ದಂಡವನ್ನು ಎಐ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆಯೇ ಎಂದು ನೋಡದಿರುವುದು. ನಿಮ್ಮ ಆಟದಲ್ಲಿ ಒಂದು ವರ್ಷ ಮುಂಚೆ ಹೋದರೆ ಶೇ. 200ರಷ್ಟು ಹೆಚ್ಚುವರಿ ಸಮಯ ಎಂಬ ನಿಯಮ ಇದ್ದರೆ, 100 ದಿನದ ಸಂಶೋಧನೆಗೆ ಮೂರು ವರ್ಷ ಮುಂಚೆ ಕೈ ಹಾಕಿದವರಿಗೆ 700 ದಿನ ಹಿಡಿಯುತ್ತದೆ. ಆಟಗಾರನಿಗೆ ಆ ಕೆಂಪು ಅಂಕಿ ಕಣ್ಣಿಗೆ ಹೊಡೆಯುತ್ತದೆ, ಬಿಟ್ಟುಬಿಡುತ್ತಾನೆ. ಎಐ ಹೋಗಿ ಕೂತುಕೊಳ್ಳುತ್ತದೆ. ನನ್ನ ಪುಟ್ಟ ದೇಶದ ಜೆಟ್ ಎಂಜಿನ್ ಹಾಗೆ ಸಿಕ್ಕಿಕೊಂಡದ್ದು. ಒಂದು ವರ್ಷಕ್ಕಿಂತ ಮುಂದಿನದರ ತೂಕವನ್ನು ಹತ್ತನೇ ಒಂದಕ್ಕೆ ಇಳಿಸಿ, ಎರಡು ವರ್ಷ ದಾಟಿದರೆ ಸೊನ್ನೆ ಮಾಡಿ. ಅಣುಬಾಂಬಿನಂಥ ದೀರ್ಘ ಯೋಜನೆಗೆ ಮಾತ್ರ, ಅದೂ ದೊಡ್ಡ ಕೈಗಾರಿಕೆ ಇರುವ ದೇಶಕ್ಕೆ ಮಾತ್ರ, ವಿನಾಯಿತಿ ಇರಲಿ.

ಇತಿಹಾಸ ದಾರಿ ತಪ್ಪಿದರೂ ತೂಕ ತಾಳಿಕೊಳ್ಳುತ್ತದೆ, ಯಾಕೆಂದರೆ ಕಾರಣವನ್ನೇ ಷರತ್ತಾಗಿ ಬರೆಯಬಹುದು. ಎದುರಾಳಿಯ ಟ್ಯಾಂಕಿನ ಕವಚ ನಮ್ಮ ಫಿರಂಗಿಗಿಂತ ಗಟ್ಟಿಯಾಗಿದ್ದರೆ ಟ್ಯಾಂಕ್ ವಿರೋಧಿ ಆಯುಧದ ತೂಕ ಮೂರು ಪಟ್ಟು. ನಗರಗಳ ಮೇಲೆ ಬಾಂಬ್ ಬೀಳುತ್ತಿದ್ದರೆ ರಾಡಾರ್ ನಾಲ್ಕು ಪಟ್ಟು. ಕೊರತೆ ಏನೆಂದರೆ ಖಚಿತತೆ ಇಲ್ಲ. ಟಿ-34 ಒಂದು ಆಟದಲ್ಲಿ 1940ರಲ್ಲಿ, ಇನ್ನೊಂದರಲ್ಲಿ 1942ರಲ್ಲಿ ಬರಬಹುದು. ಇತಿಹಾಸದ ಹುಚ್ಚಿರುವ ಆಟಗಾರರು ಇದನ್ನು ಸಹಿಸುವುದಿಲ್ಲ. ಇನ್ನೊಂದು, ಷರತ್ತುಗಳು ಬೆಳೆಯುತ್ತಾ ಹೋದರೆ ಯಾವುದು ಯಾವುದನ್ನು ಗುಣಿಸುತ್ತಿದೆ ಎಂದು ಬರೆದವರಿಗೇ ತಿಳಿಯದಾಗುತ್ತದೆ. ಒಂದು ತಂತ್ರಜ್ಞಾನಕ್ಕೆ ನಾಲ್ಕಕ್ಕಿಂತ ಹೆಚ್ಚು ಷರತ್ತು ಬೇಕಾಯಿತು ಅಂದರೆ ಮೂಗಿಗಿಂತ ಮೂಗುತಿ ಭಾರವಾಯಿತು ಎಂದೇ ತಿಳಿಯಿರಿ.

ನೇರ ಬೋನಸ್

ಎಐ ದೇಶಗಳಿಗೆಲ್ಲ ಶೇ. 10, 20, 30 ಎಂದು ವೇಗ ಹೆಚ್ಚಿಸುವುದು. ಹಾರ್ಟ್ಸ್ ಆಫ್ ಐರನ್ 4ರಲ್ಲಿ ದೇಶವಾರು ಬಲ ಹೆಚ್ಚಿಸುವ ಸ್ಲೈಡರುಗಳನ್ನು ಆಟಗಾರನ ಕೈಗೇ ಕೊಟ್ಟಿದ್ದಾರೆ. ಸಿವಿಲೈಸೇಶನ್ ಎಂಬ ಆಟದ ಸರಣಿಯ ಹೆಚ್ಚು ಕಷ್ಟದ ಹಂತಗಳಲ್ಲೂ ಎಐ ಬಲ ಬರುವುದು ಬಹುಪಾಲು ಇಂಥ ಬೋನಸ್‌ನಿಂದಲೇ, ಬುದ್ಧಿ ಬೆಳೆದು ಅಲ್ಲ.

ಇದರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಐದು ನಿಮಿಷದ ಕೆಲಸ. ಪ್ಯಾಚ್ ಬಂದರೂ ಕೆಡುವುದಿಲ್ಲ. ಆಟಗಾರ ತಾನೇ ಆರಿಸಿಕೊಂಡ ಕಷ್ಟದ ಮಟ್ಟ ಎಂದು ಗೊತ್ತಿದ್ದರೆ ಯಾರೂ ದೂರುವುದೂ ಇಲ್ಲ. ತೂಕ ಸರಿಯಾದ ಮೇಲೆ ಉಳಿಯುವ ಸಣ್ಣ ಅಂತರವನ್ನು ಮುಚ್ಚಲು ಶೇ. 5ರಿಂದ 10 ಕೊಡುವುದರಲ್ಲಿ ತಪ್ಪೂ ಇಲ್ಲ.

ಬೋನಸ್ ಕೆಡುವುದು ಎರಡು ಕಡೆ. ಮೊದಲೇ ಮುಂದಿರುವವರನ್ನು ಅದು ಇನ್ನೂ ಮುಂದಕ್ಕೆ ತಳ್ಳುತ್ತದೆ: ಐದು ಸ್ಲಾಟ್ ಇರುವ ದೇಶಕ್ಕೆ ಶೇ. 20 ಅಂದರೆ ಇನ್ನೊಂದು ಸ್ಲಾಟ್ ಕೊಟ್ಟಂತೆ, ಎರಡು ಸ್ಲಾಟ್ ಇರುವ ದೇಶಕ್ಕೆ ಅರ್ಧ ಸ್ಲಾಟೂ ಆಗುವುದಿಲ್ಲ. ಇನ್ನು ಆಟಗಾರ ಎಐ ಜೊತೆ ಮೈತ್ರಿಯಲ್ಲಿದ್ದಾಗ ಬೋನಸ್ಸಿನ ಫಲ ಅವನ ಮಡಿಲಿಗೂ ಬೀಳುತ್ತದೆ; ಕಷ್ಟ ಹೆಚ್ಚಿಸಲು ಹೋಗಿ ಸುಲಭ ಮಾಡಿದಂತೆ. ಕೊಡಲೇಬೇಕಾದರೆ ಷರತ್ತು ಹಾಕಿ ಕೊಡಿ. ದೊಡ್ಡ ದೇಶಗಳ ಸರಾಸರಿಗಿಂತ ಹಿಂದೆ ಬಿದ್ದವರಿಗೆ ಮಾತ್ರ, ಹಿಂದೆ ಬಿದ್ದಷ್ಟೇ, ಮುಟ್ಟಿದ ಕೂಡಲೇ ನಿಲ್ಲುವಂತೆ.

ನೆರೆಯವರಿಂದ ಹರಿದು ಬರುವುದು

ನನಗೆ ಹೆಚ್ಚು ಇಷ್ಟವಾದ ದಾರಿ ಇದು; ಎಚ್ಚರ ತಪ್ಪಿದರೆ ಆಟವನ್ನು ಕೊಲ್ಲುವುದೂ ಇದೇ. ಒಂದು ತಂತ್ರಜ್ಞಾನ ಎಷ್ಟು ಹೆಚ್ಚು ದೇಶಗಳಿಗೆ ಗೊತ್ತೋ, ಉಳಿದವರಿಗೆ ಅದು ಅಷ್ಟು ಅಗ್ಗ. ಮುಕ್ತ ತಂತ್ರಾಂಶದ ಆಟವಾದ ಫ್ರೀಸಿವ್‌ನಲ್ಲಿ ಟೆಕ್ ಲೀಕೇಜ್ ಎಂಬ ನಿಯಮವೇ ಇದೆ: ಯಾವ ದೇಶಗಳಲ್ಲಿ ನಿಮ್ಮ ರಾಯಭಾರ ಕಚೇರಿ ಇದೆಯೋ, ಅವುಗಳಿಗೆ ಗೊತ್ತಿರುವುದು ನಿಮಗೆ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಹಾರ್ಟ್ಸ್ ಆಫ್ ಐರನ್ 2ರಲ್ಲಿ ನೀಲನಕ್ಷೆ ಕೊಡುವ ಪದ್ಧತಿ ಇತ್ತು, ನಾಲ್ಕನೇ ಆಟಕ್ಕೆ 2016ರ ಕೊನೆಯಲ್ಲಿ ಬಂದ ವಿಸ್ತರಣೆಯಲ್ಲಿ ತಂತ್ರಜ್ಞಾನ ಹಂಚಿಕೊಳ್ಳುವ ಗುಂಪುಗಳು ಬಂದವು.

ಇತಿಹಾಸದ ಬೆಂಬಲವೂ ಇದಕ್ಕೆ ಗಟ್ಟಿಯಾಗಿದೆ. 1940ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಟಿಜಾರ್ಡ್ ನಿಯೋಗ ಅಮೆರಿಕಕ್ಕೆ ಹೋದಾಗ ಜೊತೆಗೆ ಒಯ್ದದ್ದು ರಾಡಾರ್‌ನ ತರಂಗ ಹುಟ್ಟಿಸುವ ಕ್ಯಾವಿಟಿ ಮ್ಯಾಗ್ನೆಟ್ರಾನ್. ಬ್ರಿಟನ್ನಿನಲ್ಲಿ ಅದು ಹುಟ್ಟಿ ವರ್ಷವೂ ಆಗಿರಲಿಲ್ಲ. ಅಮೆರಿಕದ ಮಸ್ಟ್ಯಾಂಗ್ ವಿಮಾನ ದೂರದ ಬೆಂಗಾವಲಿಗೆ ತಕ್ಕದ್ದಾದದ್ದು ಬ್ರಿಟಿಷ್ ವಿನ್ಯಾಸದ ಮರ್ಲಿನ್ ಎಂಜಿನ್ ಕೂರಿಸಿದ ಮೇಲೆ, ಆ ಎಂಜಿನ್ನನ್ನು ಅಮೆರಿಕದಲ್ಲಿ ತಯಾರಿಸಿದ್ದು ಪ್ಯಾಕರ್ಡ್. ಶತ್ರುವಿನಿಂದಲೂ, ಎದುರಾಳಿಯಾಗಲಿರುವ ಮಿತ್ರನಿಂದಲೂ ಹರಿಯುತ್ತದೆ: ಸೋವಿಯತ್ ನೆಲದಲ್ಲಿ ಇಳಿದ ಅಮೆರಿಕದ ಬಿ-29 ಬಾಂಬರ್‌ಗಳನ್ನು ಬಿಚ್ಚಿ ನೋಡಿ ಮಾಡಿದ ಟು-4 ಬಾಂಬರ್ 1947ರಲ್ಲಿ ಹಾರಿತು.

ಇದರ ಗುಣ, ಸಣ್ಣ ದೇಶಗಳು ತಾವಾಗಿಯೇ ಉಸಿರಾಡತೊಡಗುತ್ತವೆ, ದೇಶವಾರು ಒಂದು ಸಾಲೂ ಬರೆಯಬೇಕಿಲ್ಲ. ಇದರ ವಿಷ, ಎಲ್ಲರೂ ಒಂದೇ ಆಗಿಬಿಡುತ್ತಾರೆ. ಒಮ್ಮೆ ನಾನು ರಿಯಾಯಿತಿಯನ್ನು ಶೇ. 60ಕ್ಕೆ ಏರಿಸಿದ್ದೆ. 1942ರಲ್ಲಿ ಭೂಪಟದ ಎಲ್ಲ ದೇಶಗಳ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಬಂದೂಕು, ಒಂದೇ ವಿಮಾನ. ಮುಂದೆ ಓಡಿದವನಿಗೆ ಏನೂ ಲಾಭವಿಲ್ಲ. ಯಾರೋ ಕಲಿಯಲಿ, ಆಮೇಲೆ ನಾವು ಅಗ್ಗದಲ್ಲಿ ಕಲಿಯೋಣ ಎಂದು ಕಾಯುವುದೇ ಜಾಣತನ. ಆಟಗಾರರು ಇದನ್ನು ಎರಡನೇ ಆಟದಲ್ಲೇ ಕಂಡುಹಿಡಿಯುತ್ತಾರೆ. ಅಲ್ಲಿಂದೀಚೆಗೆ ಮೂರು ಅಣೆಕಟ್ಟು ಹಾಕುತ್ತೇನೆ. ರಿಯಾಯಿತಿ ಶೇ. 30 ಮೀರಬಾರದು. ಒಂದೇ ಮಿತ್ರಕೂಟದವರಿಂದ, ಅಥವಾ ಯುದ್ಧದಲ್ಲಿ ಎದುರಾದವರಿಂದ ಮಾತ್ರ ಹರಿಯಬೇಕು. ತಂತ್ರಜ್ಞಾನಕ್ಕೆ ಎರಡು ವರ್ಷ ತುಂಬುವ ತನಕ ಹರಿವು ಶುರುವಾಗಬಾರದು; ಆ ಎರಡು ವರ್ಷ ಕಷ್ಟಪಟ್ಟು ಕಲಿತವನ ಬಹುಮಾನ.

ಕೈಗಿಡುವುದು

ಕೊನೆಯದು, ಸಂಶೋಧನೆಯನ್ನೇ ಬದಿಗಿಟ್ಟು ಈವೆಂಟ್ (ಷರತ್ತು ಕೂಡಿದಾಗ ಆಟದಲ್ಲಿ ತಾನಾಗಿ ನಡೆಯುವ ಘಟನೆ) ಮೂಲಕ ಕೊಟ್ಟುಬಿಡುವುದು. 1941ರ ಜನವರಿಗೆ ಈ ದೇಶದ ಕೈಯಲ್ಲಿ ಈ ಬಂದೂಕು ಇಲ್ಲದಿದ್ದರೆ ಇಟ್ಟುಬಿಡು. ಮೋಸದಂತೆ ಕಾಣುತ್ತದೆ. ಆದರೆ ಅನೇಕ ಸಣ್ಣ ದೇಶಗಳು ನಿಜಕ್ಕೂ ಸಂಶೋಧಿಸಿ ಆಯುಧ ಪಡೆದವಲ್ಲ. ಕೊಂಡುಕೊಂಡವು, ಪರವಾನಗಿ ತೆಗೆದುಕೊಂಡವು. ಹಂಗೇರಿಯ ತುರಾನ್ ಟ್ಯಾಂಕಿನ ಮೂಲ ಜೆಕ್ ಸ್ಕೋಡಾ ಕಾರ್ಖಾನೆಯ ವಿನ್ಯಾಸ. ಅಂಥ ದೇಶಕ್ಕೆ ಟ್ಯಾಂಕ್ ಸಂಶೋಧನೆಯ ತೂಕವನ್ನು ಸೊನ್ನೆಯಾಗಿಟ್ಟು, ‘ಪರವಾನಗಿ ಸಿಕ್ಕಿತು’ ಎಂಬ ಈವೆಂಟ್ ಬರೆಯುವುದೇ ಪ್ರಾಮಾಣಿಕ. ದೊಡ್ಡ ದೇಶಗಳಿಗೆ ಮಾತ್ರ ಇದನ್ನು ಮಾಡಬೇಡಿ. ಗೂಢಚಾರರನ್ನು ಕಳಿಸಿ ಶತ್ರುವಿನ ಸಂಶೋಧನೆ ತಡೆದೆ ಎಂದು ಬೀಗುತ್ತಿರುವ ಆಟಗಾರನ ಮುಂದೆ ಮರುದಿನವೇ ಅದು ಆಕಾಶದಿಂದ ಉದುರಿದರೆ ಅವನು ಆಟ ಮುಚ್ಚಿ ಎದ್ದು ಹೋಗುತ್ತಾನೆ, ಹೋಗಲೂಬೇಕು.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿರುವುದು ಒಂದು ವಾರಾಂತ್ಯ ಮಾತ್ರ ಅಂದರೆ ತೂಕದ ಸೊನ್ನೆಗಳನ್ನು ಬರೆಯಿರಿ, ಕಾಲಕ್ಕಿಂತ ಮುಂಚೆ ಓಡುವುದಕ್ಕೆ ಕಡಿವಾಣ ಹಾಕಿ, ಮೇಲೆ ಶೇ. 5 ಬೋನಸ್. ಏರಿಸುವ ತೂಕಗಳ ಗೋಜಿಗೆ ಈಗ ಹೋಗಬೇಡಿ. ಎಂಟು ಗಂಟೆಯ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಫಲ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ತಿಂಗಳೆರಡು ತಿಂಗಳು ಇದೆ, ಇತಿಹಾಸಕ್ಕೆ ಹತ್ತಿರ ಇರಬೇಕು, ಆದರೆ ಆಟಗಾರ ಇತಿಹಾಸ ತಿರುಚಿದರೂ ನಿಲ್ಲಬೇಕು ಅನ್ನುವವರಿಗೆ ಮಿಶ್ರಣ. ಏಳೆಂಟು ದೊಡ್ಡ ದೇಶಗಳಿಗೆ 1941ರ ತನಕ ಮಾತ್ರ ಪಟ್ಟಿ, ಅಲ್ಲಿಂದ ಮುಂದೆ ತೂಕ. ಆ ಹೊತ್ತಿನ ತನಕ ಇತಿಹಾಸ ಬಹುಪಾಲು ಆಟಗಳಲ್ಲಿ ನೆಟ್ಟಗೇ ಇರುತ್ತದೆ, ಪಟ್ಟಿ ಅಲ್ಲಿಯ ತನಕ ಸುಳ್ಳಾಗುವುದಿಲ್ಲ. ಮಧ್ಯಮ ದೇಶಗಳಿಗೆ ತೂಕ ಮತ್ತು ಕೂಟದೊಳಗಿನ ಹರಿವು. ಸಣ್ಣವರಿಗೆ ಸೊನ್ನೆಗಳು ಮತ್ತು ಪರವಾನಗಿಯ ಈವೆಂಟ್‌ಗಳು. ಒಂದು ಎಚ್ಚರಿಕೆ: ಪಟ್ಟಿ ಮುಗಿಯುವ ದಿನ ಮತ್ತು ತೂಕ ಶುರುವಾಗುವ ದಿನ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ನಡುವೆ ಸಂದು ಬಿಟ್ಟರೆ ಎಐ ಸ್ಲಾಟ್ ಖಾಲಿ ಇಟ್ಟುಕೊಂಡು ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ.

ಹಲವು ಆಟಗಾರರು ಒಟ್ಟಿಗೆ ಆಡುವ ಮಾಡ್ ಆದರೆ ಲೆಕ್ಕ ಬೇರೆ. ಅಲ್ಲಿ ದೊಡ್ಡ ದೇಶಗಳೆಲ್ಲ ಮನುಷ್ಯರ ಕೈಯಲ್ಲಿರುತ್ತವೆ, ಎಐ ಆಡಿಸುವುದು ಸಣ್ಣ ಮಿತ್ರರನ್ನು. ಆ ಮಿತ್ರರು ಅತಿ ಜಾಣರಾದರೆ ಒಂದು ಪಕ್ಷಕ್ಕೆ ಪುಕ್ಕಟೆ ಲಾಭ, ಜಗಳ ಖಚಿತ. ಇಲ್ಲಿ ನಾನು ಪಟ್ಟಿಯ ಪರ, ಹರಿವು ಮತ್ತು ಬೋನಸ್ ಎರಡೂ ಬೇಡ. ಎಲ್ಲರಿಗೂ ಮೊದಲೇ ಗೊತ್ತಿರುವ ದೌರ್ಬಲ್ಯವನ್ನು ಆಟಗಾರರು ಒಪ್ಪುತ್ತಾರೆ, ಗೊತ್ತಿಲ್ಲದ ಬಲವನ್ನು ಒಪ್ಪುವುದಿಲ್ಲ.

ಇತಿಹಾಸದ ಹಂಗೇ ಇಲ್ಲದ, ಕಲ್ಪಿತ ಭೂಪಟದ ದೀರ್ಘ ಆಟಕ್ಕೆ ಪಟ್ಟಿಗೆ ಅರ್ಥವಿಲ್ಲ. ತೂಕ ಮತ್ತು ಹರಿವು, ಅಷ್ಟೇ.

ಅಳೆಯುವ ಕ್ರಮದ ಬಗ್ಗೆ ಒಂದು ಮಾತು. ಒಂದು ಸಲಕ್ಕೆ ಒಂದೇ ತಿರುಪು ತಿರುಗಿಸಿ. ತೂಕವನ್ನೂ ಬೋನಸ್ಸನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ದೇವರಿಗೇ ಗೊತ್ತು. ಒಂದು ಓಟ ನೋಡಿ ತೀರ್ಮಾನಿಸಬೇಡಿ. ತೂಕದಲ್ಲಿ ಅದೃಷ್ಟದ ಪಾಲಿದೆ, ಕಡೇಪಕ್ಷ ಐದು ಸಲ ಓಡಿಸಿ ಸರಾಸರಿ ತೆಗೆಯಿರಿ. ಆಬ್ಸರ್ವರ್ ಮೋಡ್‌ನಲ್ಲಿ ಸರಿ ಕಂಡದ್ದು ಆಟಗಾರ ಇಳಿದ ಮೇಲೆ ಕೆಡುವುದೂ ಉಂಟು, ಯಾಕೆಂದರೆ ಅವನು ಎಐ ದೇಶಗಳ ಕಾರ್ಖಾನೆಗಳನ್ನು ಕಿತ್ತುಕೊಳ್ಳುತ್ತಾನೆ, ಸಂಶೋಧನೆಗೆ ಆಧಾರವಾಗಿದ್ದ ನಗರಗಳನ್ನು ಹಿಡಿಯುತ್ತಾನೆ. ಐದರಲ್ಲಿ ಎರಡು ಓಟವನ್ನಾದರೂ ನೀವೇ ಕೂತು ಆಡಿ, ಅದೂ ಸೋಲುವ ಕಡೆಯಿಂದ.

ನನ್ನ ಆ ಪುಟ್ಟ ದೇಶಕ್ಕೆ ಕೊನೆಗೆ ಮಾಡಿದ್ದು ಇಷ್ಟು: ನೌಕಾಪಡೆ ಸೊನ್ನೆ, ಜೆಟ್ ಸೊನ್ನೆ, ಬಂದೂಕು ಮತ್ತು ಫಿರಂಗಿ ನಾಲ್ಕು ಪಟ್ಟು, ನೆರೆಯ ದೊಡ್ಡ ದೇಶದ ಕೂಟ ಸೇರಿದರೆ ಟ್ಯಾಂಕಿನ ಪರವಾನಗಿ. ಮುಂದಿನ ಓಟದಲ್ಲಿ 1941ರ ಚಳಿಗಾಲಕ್ಕೆ ಅದರ ಕಾಲಾಳು ಪಡೆಯ ಕೈಗೆ ಹೊಸ ಬಂದೂಕು ಬಂದಿತ್ತು. ಆದರೂ ಗಡಿಯಲ್ಲಿ ಮೂರು ವಾರದಲ್ಲಿ ಸೋತಿತು, ಯಾಕೆಂದರೆ ಎದುರಿಗಿದ್ದವನ ಸೈನ್ಯ ಹತ್ತು ಪಟ್ಟು. ಅದನ್ನು ನಾನು ತಿದ್ದಲು ಹೋಗಲಿಲ್ಲ.